ಯೂದ ಸುಳ್ಳು ಹೇಳಲಿಲ್ಲ

ಮಕಾರಿಯೊನನ್ನು ಹಿಡಿದದ್ದು ಪೊಲೀಸರಲ್ಲ. ತೋಟದ ಕಾವಲಿನವರೂ ಅಲ್ಲ. ಅವರು ಮತ್ತೆ ಮತ್ತೆ ಬಂದು ಗುಡಿಸಲುಗಳನ್ನು ಜಾಲಾಡಿ ಬರಿಗೈಯಲ್ಲಿ ಹೋಗಿದ್ದರು. ಹಿಡಿದುಕೊಟ್ಟದ್ದು ಕ್ರಿಸಾಂತಳ ಬಾಯಿ. ಸುಳ್ಳು ಹೇಳದ ಬಾಯಿ ಎಂದು ಸಕ್‌ಪೆಕ್ ಗುಡ್ಡದಲ್ಲೆಲ್ಲ ಹೆಸರಾದ ಬಾಯಿ.

ಆ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ. ಗಂಡ ಬದುಕಿದ್ದಷ್ಟು ಕಾಲ ಅವಳು ಸುಳ್ಳಿನಲ್ಲೇ ಜೀವ ಹಿಡಿದವಳು. ಕಬ್ಬಿನ ಹೆಂಡ ಕುಡಿದು ಬರುತ್ತಿದ್ದ ಅವನಿಗೆ ಸಿಗದ ಹಾಗೆ ಕಾಸು ಬಚ್ಚಿಟ್ಟು ಇಲ್ಲವೆನ್ನುತ್ತಿದ್ದಳು. ಊದಿದ ಕೆನ್ನೆ ನೋಡಿ ಕೇಳಿದವರಿಗೆ ಜಾರಿ ಬಿದ್ದೆ ಎನ್ನುತ್ತಿದ್ದಳು. ಅವನು ಸತ್ತ ಮೇಲೆ ಪಾಸ್ಟರ್ ಅಬ್ದಿಯಾಸ್ ಅವಳನ್ನು ಹೊಳೆಯಲ್ಲಿ ಮುಳುಗಿಸಿ ಎತ್ತಿ ದೀಕ್ಷಾಸ್ನಾನ ಕೊಟ್ಟರು. ನೀರಿನಿಂದ ಎದ್ದವಳು ಇನ್ನು ಸುಳ್ಳು ಹೇಳುವುದಿಲ್ಲವೆಂದು ಕರ್ತನಿಗೆ ಮಾತು ಕೊಟ್ಟಳು. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಏಲಕ್ಕಿ ತೂಕಕ್ಕೆ ಬರಲೆಂದು ಎಲ್ಲರೂ ಮೂಟೆಗೆ ನೀರು ಚಿಮುಕಿಸಿದರೆ ಅವಳು ಚಿಮುಕಿಸಲಿಲ್ಲ. ನೆರೆಯವಳು ತಿಂಗಳುಗಟ್ಟಲೆ ನೇಯ್ದ ಕುಪ್ಪಸ ತೋರಿಸಿ ಹೇಗಿದೆ ಎಂದು ಕೇಳಿದರೆ, ಕೊರಳು ಸೊಟ್ಟಗಿದೆ ಎಂದಳು. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಅವಳನ್ನು ಕಂಡ ಕೂಡಲೇ, ಬಂದಳಪ್ಪ, ಬಾಯಿಗೆ ಬೀಗ ಹಾಕಿಕೊಳ್ಳಿ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು. ಕೂಲಿ ಹೆಂಗಸಿಗೆ ಅದೊಂದು ಹೆಸರು ಬಿಟ್ಟರೆ ಸ್ವಂತದ್ದು ಅಂತ ಇನ್ನೇನಿತ್ತು?

ಮಕಾರಿಯೊ ಅದೇ ಊರಿನವನು. ಮೊದಲು ಭಾನುವಾರದ ಪ್ರಾರ್ಥನೆಗೆ ಪಾಸ್ಟರ್ ಸಭೆಗೆ ಬರುತ್ತಿದ್ದ. ಒಂದು ವರ್ಷ ಬಿತ್ತನೆಗೆ ಮುಂಚೆ ಅಜ್ಜಂದಿರ ಹಾಗೆ ಗುಡ್ಡದ ಅಪ್ಪಣೆ ಕೇಳಿ ಧೂಪ ಹಾಕಿದ. ಪಾಸ್ಟರ್ ಅವನನ್ನು ಹಿಂದಿನ ಬೆಂಚಿಗೆ ಹಾಕಿದರು. ಪಾಪ ಮಾಡಿದವರಿಗೆ ಅಲ್ಲಿನ ಶಿಕ್ಷೆ ಅದು. ಹಾಡುವಂತಿಲ್ಲ, ಪ್ರಾರ್ಥನೆ ಹೇಳುವಂತಿಲ್ಲ, ಪ್ರಭುಭೋಜನದ ರೊಟ್ಟಿ ಬಟ್ಟಲು ಅವರ ತನಕ ಬರುವುದಿಲ್ಲ. ಎಲ್ಲರ ಮುಂದೆ ಪಶ್ಚಾತ್ತಾಪ ಹೇಳುವವರೆಗೂ ಅಷ್ಟೇ. ಮಕಾರಿಯೊ ಒಂದು ಭಾನುವಾರ ಕೂತ. ಹಿಂದಿನ ಬೆಂಚಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಎಂದು ನಗುತ್ತಾ ಎದ್ದು ಹೋದವನು ಮತ್ತೆ ಬರಲಿಲ್ಲ.

ಅವನ ಮೇಲಿನ ಕೇಸು ಮಾತ್ರ ದೇವರದ್ದಲ್ಲ, ನೆಲದ್ದು. ಗುಡ್ಡದ ಓರೆಯಲ್ಲಿ ಊರವರು ಮೆಕ್ಕೆಜೋಳ ಬೆಳೆಯುತ್ತಿದ್ದರು. ಅವರ ಅಜ್ಜ ಮುತ್ತಜ್ಜಂದಿರು ತೋಟಕ್ಕೆ ಬಿಟ್ಟಿ ದುಡಿದು ಕೂಲಿಯ ಬದಲು ಪಡೆದ ನೆಲ. ಈಗ ಗ್ವಾಟೆಮಾಲಾ ನಗರದಲ್ಲಿ ಕೂತ ತೋಟದ ಯಜಮಾನನಿಗೆ ಅಲ್ಲಿ ಎಣ್ಣೆತಾಳೆ ಹಾಕುವ ಮನಸ್ಸಾಯಿತು. ಅಳತೆಯವರು ಗೂಟ ಹಿಡಿದು ಬಂದರು. ಊರವರು ಅಡ್ಡ ನಿಂತರು. ಎಲ್ಲರ ಪರವಾಗಿ ಮಾತಾಡಿದವನು ಮಕಾರಿಯೊ. ಮರುವಾರವೇ ಅವನ ಹೆಸರಿಗೆ ವಾರಂಟು ಬಂತು. ನೆಲ ಕಬಳಿಸಿದ, ಮಚ್ಚು ತೋರಿಸಿ ಜೀವಬೆದರಿಕೆ ಹಾಕಿದ ಎಂದು. ಮುತ್ತಜ್ಜನನ್ನು ಹೂತ ನೆಲವನ್ನು ಮರಿಮಗ ಕಬಳಿಸಿದನಂತೆ.

ಅವನು ತಲೆಮರೆಸಿಕೊಂಡಿದ್ದಾಗ ಒಂದು ಸಂಜೆ ಕ್ರಿಸಾಂತ ಹಸಿ ಏಲಕ್ಕಿಯ ಮೂಟೆ ಹೊತ್ತು ಇಳಿಯುತ್ತಿದ್ದಳು. ಏಲಕ್ಕಿ ಬಿಡಿಸುವುದು ನೆಲಮಟ್ಟದ ಕೆಲಸ. ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಸರಿಗೆ ಕೈ ಹಾಕಬೇಕು. ಹಾವಿದೆಯೋ ಏನೋ ನೋಡಲು ಪುರಸೊತ್ತಿಲ್ಲ. ಬೆರಳ ಸಂದು ಕಪ್ಪಗಾಗಿ ಒಡೆಯುತ್ತದೆ. ಆಮೇಲೆ ಮೂಟೆಯನ್ನು ಬೆನ್ನಿಗೇರಿಸಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ನಡೆಯಬೇಕು. ಭಾರವೆಲ್ಲ ಹಣೆಯ ಮೇಲೆ, ಕುತ್ತಿಗೆಯ ಮೇಲೆ. ಹಾಗೆ ಹೊತ್ತವರಿಗೆ ನೆಲ ಬಿಟ್ಟು ಬೇರೇನೂ ಕಾಣದು. ಎದುರು ನಿಂತವರ ಬೂಟು ಕಾಣುತ್ತದೆ, ಮುಖ ಕಾಣುವುದಿಲ್ಲ.

ಅವಳಿಗೆ ಲಿಯೊನೆಲ್‌ನ ಬೂಟು ಕಂಡಿತು. ಅವನು ತೋಟದ ಮ್ಯಾನೇಜರ್. ಸಭೆಯ ಮುಂದಿನ ಬೆಂಚೂ ಅವನದೇ. ಭಾನುವಾರ ಎಲ್ಲರಿಗೂ ಸಹೋದರ ಲಿಯೊನೆಲ್, ಸೋಮವಾರದಿಂದ ಶನಿವಾರದವರೆಗೆ ಧಣಿ. ಏಲಕ್ಕಿ ಒಣಗಿಸುವ ಮನೆಯ ಅಂಗಳದಲ್ಲಿ ಹೆಂಗಸರು ತೂಕಕ್ಕೆ ಸಾಲು ನಿಂತಿದ್ದರು. ಅವರೆಲ್ಲರ ಎದುರಿಗೆ ಅವನು ಅವಳನ್ನು ತಡೆದು, ಮಕಾರಿಯೊ ಊರಲ್ಲಿದ್ದಾನೆಯೇ ಎಂದು ಕೇಳಿದ.

ಅವಳು ಮೂಟೆ ಇಳಿಸಹೋದಳು. ಅವನು ಮೂಟೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ಪಟ್ಟಿ ಹಣೆಯ ಚರ್ಮವನ್ನು ಹಿಂದಕ್ಕೆಳೆಯಿತು.

"ಇಳಿಸೋದು ಆಮೇಲೆ ಆಗ್ಲಿ. ಹೌದೋ ಅಲ್ವೋ, ಅಷ್ಟು ಹೇಳು ಸಹೋದರಿ."

"ನನ್ನೇ ಯಾಕೆ ಕೇಳ್ತೀರಿ ಧಣಿ?"

"ಉಳಿದವರು ಸುಳ್ಳು ಹೇಳ್ತಾರೆ. ನೀನು ಹೇಳಲ್ಲ. ಬಾಯಿ ಮುಚ್ಕೊಂಡಿರೋದೂ ದೇವರ ಮುಂದೆ ಸುಳ್ಳೇ, ಗೊತ್ತಲ್ಲ?"

ಅವಳಿಗೆ ಗೊತ್ತಿತ್ತು. ಮಕಾರಿಯೊನ ಹೆಂಡತಿ ಹೆರ್ಮೆಲಿಂದಾ ಬೆಳಿಗ್ಗೆ ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ ಹಿಡಿದು ಊರಿನ ದೊಮಿತಿಲಜ್ಜಿಯ ಜೋಳದ ಕಣಜದ ಕಡೆ ಹೋದದ್ದನ್ನು ಕಂಡಿದ್ದಳು. ಗೊತ್ತಿಲ್ಲ ಅನ್ನಬಹುದಿತ್ತು. ಮೂಟೆ ಸಮೇತ ಕುಸಿದು ಬಿದ್ದುಬಿಡಬಹುದಿತ್ತು. ದೇವರನ್ನು ನೆನೆಯಬಹುದಿತ್ತು. ಆ ಗಳಿಗೆಯಲ್ಲಿ ಅವಳು ದೇವರನ್ನು ನೆನೆಯಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರನ್ನು ನೆನೆದಳು. ಕ್ರಿಸಾಂತಳೂ ನಮ್ಮ ಹಾಗೆಯೇ ಸುಳ್ಳು ಬೊಗಳುತ್ತಾಳೆ ಎಂದು ನಾಳೆ ಗಿರಣಿಯಲ್ಲಿ ಇವರು ಆಡಿಕೊಳ್ಳುತ್ತಾರಲ್ಲ ಎಂದು ನೆನೆದಳು.

"ಇದ್ದಾನೆ," ಎಂದಳು. "ದೊಮಿತಿಲಜ್ಜಿ ಕಣಜದಲ್ಲಿ."

ಎಲ್ಲಿ ಎಂದು ಅವನು ಕೇಳಿರಲೇ ಇಲ್ಲ.

ಅವನು ಮೂಟೆಯ ಮೇಲಿನ ಕೈ ತೆಗೆದ. ಆಮೇಲೆ ತಾನೇ ಬಗ್ಗಿ, ಎರಡೂ ಕೈ ಕೊಟ್ಟು, ಅವಳ ಮೂಟೆ ಇಳಿಸಿದ. ಅವಳ ಜನ್ಮದಲ್ಲೇ ತೋಟದ ಯಾವ ಮೇಲಿನವನೂ ಅವಳ ಹೊರೆಗೆ ಕೈ ಕೊಟ್ಟಿರಲಿಲ್ಲ.

ಕಾವಲಿನವರು ಕಣಜದ ಬಾಗಿಲು ಒದ್ದು ತೆನೆಗಳನ್ನೆಲ್ಲ ಹೊರಗೆಳೆದು ಕೆಸರಿಗೆ ಚೆಲ್ಲಿದರು. ತಳದಲ್ಲಿ ಮಕಾರಿಯೊ ಸಿಕ್ಕಿದ. ಕೈ ಹಿಂದಕ್ಕೆ ಕಟ್ಟಿದ ಮೇಲೆ ಬಂದೂಕಿನ ಹಿಡಿಯಿಂದ ಎಡಗಿವಿಗೆ ಹೊಡೆದರು. ಕಟ್ಟಿದ ಮೇಲೆ ಹೊಡೆದರು, ಅದನ್ನು ಮರೆಯಬಾರದು. ಅವನು ಮಗ್ಗುಲಾಗಿ ಬಿದ್ದ. ಅವನನ್ನು ಎಳೆದುಕೊಂಡು ಕಾಳಿನ ಮೇಲೆಯೇ ನಡೆದುಹೋದರು. ಆ ಗುಡ್ಡಗಳ ಮೂಲನಿವಾಸಿಗಳಾದ ಕೆಕ್ಚಿ ಜನ ಜೋಳ ತುಳಿಯುವುದಿಲ್ಲ. ದಾರಿಯಲ್ಲಿ ಒಂದು ಕಾಳು ಬಿದ್ದಿದ್ದರೂ ಬಗ್ಗಿ ಎತ್ತಿಕೊಳ್ಳುತ್ತಾರೆ. ಬೆನ್ನಿಗೆ ಕೂಸು ಕಟ್ಟಿಕೊಂಡ ಹೆರ್ಮೆಲಿಂದಾ ಕೆಸರಿನಲ್ಲಿ ಮಂಡಿಯೂರಿ ಕಾಳು ಆಯತೊಡಗಿದಳು. ಅಳಲಿಲ್ಲ. ಒಮ್ಮೆ ತಲೆಯೆತ್ತಿ, ಜನರ ನಡುವೆ ನಿಂತಿದ್ದ ಕ್ರಿಸಾಂತಳನ್ನು ನೋಡಿ ಮತ್ತೆ ಕಾಳಿಗೆ ಕೈ ಹಾಕಿದಳು.

ಭಾನುವಾರ ಪಾಸ್ಟರ್ ಸಭೆಯ ಮುಂದೆ ಕ್ರಿಸಾಂತಳನ್ನು ಹೊಗಳಿದರು. ನೆರೆಯವನ ಮುಲಾಜಿಗೂ ಬಾಗದೆ ಸತ್ಯ ನುಡಿದ ಸಹೋದರಿ ಎಂದರು. ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು ಎಂಬ ವಾಕ್ಯ ಓದಿದರು. ಮುಂದಿನ ಬೆಂಚಿನಿಂದ ಲಿಯೊನೆಲ್ ಒಬ್ಬನೇ ಆಮೆನ್ ಎಂದ. ಮಳೆ ತಗಡಿನ ಮಾಡಿಗೆ ಬಡಿಯುತ್ತಿತ್ತು. ಆ ತಗಡು ತೋಟದವರು ಕೊಡಿಸಿದ್ದು. ಯಾರನ್ನು ಬಿಡುಗಡೆ ಮಾಡಿತು ಎಂದು ಕ್ರಿಸಾಂತ ಮನಸ್ಸಿನಲ್ಲೇ ಕೇಳಿಕೊಂಡಳು. ಮಕಾರಿಯೊ ಪಟ್ಟಣದ ಜೈಲಿನಲ್ಲಿದ್ದ.

ಗಿರಣಿಯಲ್ಲಿ ಈಗ ಅವಳನ್ನು ಕಂಡು ಯಾರೂ ಬಾಯಿಗೆ ಬೀಗ ಹಾಕಲಿಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತಾಡಿಕೊಂಡರು. ಹೆರ್ಮೆಲಿಂದಾ ಗಿರಣಿಗೆ ಬರುವುದನ್ನೇ ಬಿಟ್ಟು ಮನೆಯ ಕಲ್ಲಿನಲ್ಲಿ ಅರೆದುಕೊಳ್ಳುತ್ತಿದ್ದಳು. ಎದೆಹಾಲು ಬತ್ತಿದೆ ಎಂಬ ಮಾತೂ ರಾತ್ರಿಯೆಲ್ಲ ಕೂಸಿನ ಅಳುವೂ ಕ್ರಿಸಾಂತಳ ಕಿವಿಗೆ ಬಿದ್ದವು. ಪ್ರಾರ್ಥನೆಗೆ ಮಂಡಿಯೂರಿದರೆ ಕಣ್ಣ ಮುಂದೆ ಕರ್ತನ ಬದಲು ಲಿಯೊನೆಲ್‌ನ ಬೂಟು ಬರುತ್ತಿತ್ತು.

ಅವಳು ಪಾಸ್ಟರ್ ಮನೆಗೆ ಹೋಗಿ, ತನ್ನನ್ನು ಹಿಂದಿನ ಬೆಂಚಿಗೆ ಹಾಕಿ ಎಂದು ಕೇಳಿದಳು. ಪಾಸ್ಟರ್ ದಂಗಾದರು. ಅವರೂ ಕೆಕ್ಚಿಯವರೇ, ಅವರಪ್ಪನೂ ಇದೇ ತೋಟದಲ್ಲಿ ಮೂಟೆ ಹೊತ್ತವನು. ಕೆಟ್ಟವರಲ್ಲ. ಕಾಯಿಲೆ ಬಿದ್ದವರ ಮನೆಗೆ ಎಂಥ ಕೆಸರಿನಲ್ಲೂ ನಡೆದು ಹೋಗುವವರು. ಅಂಜುಬುರುಕರು ಅಷ್ಟೇ. ಅಂಜಿಕೆಯೂ ಮನುಷ್ಯನ ಕೈಯಲ್ಲಿ ಎಂಥ ಕೆಲಸ ಮಾಡಿಸುತ್ತದೆ ಎಂಬುದನ್ನು ಕ್ರಿಸಾಂತಳಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸತ್ಯ ಹೇಳಿದ್ದಕ್ಕೆ ಯಾರಾದ್ರೂ ಶಿಕ್ಷೆ ಕೊಡ್ತಾರೇನಮ್ಮ? ಮನಸ್ಸಿಗೆ ಹಿಂಸೆ ಕೊಡ್ತಾ ಇರೋದು ಸೈತಾನ. ಅವನ ಮಾತು ಕೇಳಬೇಡ."

"ಸೈತಾನ ಅಲ್ಲ ಪಾಸ್ಟರ್. ಕೂಸು ಅಳೋದು ನಮ್ಮನೆಗೆ ಕೇಳುತ್ತೆ."

ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದರು. ಮಾರನೆಯ ವಾರ ಅವರೂ ಲಿಯೊನೆಲ್‌ನೂ ಒಟ್ಟಿಗೆ ಅವಳ ಮನೆಗೆ ಬಂದರು. ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆ ಇದೆ, ಸಾಕ್ಷಿ ಹೇಳಬೇಕು ಎಂದರು. ಸುಳ್ಳು ಹೇಳು ಎಂದು ಯಾರೂ ಅನ್ನಲಿಲ್ಲ. ಅಳತೆಯವರು ಬಂದ ದಿನ ಮಕಾರಿಯೊನ ಕೈಯಲ್ಲಿ ಮಚ್ಚು ಇತ್ತೋ ಇಲ್ಲವೋ, ಅಷ್ಟೇ ಹೇಳಬೇಕು. ಮಚ್ಚು ಇತ್ತು. ಕಳೆ ಸವರಲು ಹೊರಟವನ ಕೈಯಲ್ಲಿ ಇನ್ನೇನಿರುತ್ತದೆ? ಎಲ್ಲರ ಕೈಯಲ್ಲೂ ಇತ್ತಲ್ಲ, ನನ್ನ ಕೈಯಲ್ಲೂ ಇತ್ತಲ್ಲ ಎಂದು ಅವಳು ಕೇಳಿದಳು. ಅದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದ ಲಿಯೊನೆಲ್. ಹೋಗುವಾಗ ಅವಳಿಗೆಂದು ಒಂದು ಹೊಸ ಶಾಲು ಇಟ್ಟು ಹೋದ. ನ್ಯಾಯಾಲಯಕ್ಕೆ ಮರ್ಯಾದೆಯಾಗಿ ಬರಲಿ ಅಂತ.

ಅವಳು ಹಳೆಯ ಬಟ್ಟೆಯಲ್ಲೇ ಹೋದಳು.

ಅಲ್ಲಿ ಎಲ್ಲವೂ ಸ್ಪ್ಯಾನಿಷ್‌ನಲ್ಲಿ ನಡೆಯಿತು. ಅವಳ ಪಾಲಿಗೆ ಒಬ್ಬ ದುಭಾಷಿ ಇದ್ದ. ಮಕಾರಿಯೊ ಪೊಲೀಸರ ನಡುವೆ ನಿಂತಿದ್ದ. ಯಾರು ಮಾತಾಡಿದರೂ ಬಲಗಿವಿಯನ್ನು ಅತ್ತ ತಿರುಗಿಸುತ್ತಿದ್ದ. ಎಡಗಿವಿ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ತೋಟದ ವಕೀಲ ಎದ್ದು, ಈ ತಾಯಿ ಇಪ್ಪತ್ತು ವರ್ಷದಿಂದ ಸುಳ್ಳಾಡಿದವಳಲ್ಲ, ಬೇಕಾದರೆ ಅವಳ ಪಾಸ್ಟರನ್ನೇ ಕೇಳಿ ಎಂದ. ಪಾಸ್ಟರ್ ಎದ್ದು ನಿಂತು ಹೌದೆಂದರು. ಆಮೇಲೆ ವಕೀಲ ಪ್ರಶ್ನೆ ಕೇಳಿದ. ದುಭಾಷಿ ಅದನ್ನು ಅವಳ ಮಾತಿಗಿಳಿಸಿದ. ಆ ದಿನ ಈ ಮನುಷ್ಯನ ಕೈಯಲ್ಲಿ ಏನಿತ್ತು?

ಅವಳಿಗೆ ಸುಳ್ಳಿನ ಅಭ್ಯಾಸ ತಪ್ಪಿಹೋಗಿತ್ತು.

"ಕೂಸಿತ್ತು," ಎಂದಳು.

ದುಭಾಷಿ ಮತ್ತೊಮ್ಮೆ ಕೇಳಿದ. ಮಚ್ಚು ಇರಲಿಲ್ಲವೇ? ದೇವರ ಮೇಲೆ ಆಣೆಯಿಟ್ಟಿದ್ದೀಯ, ನೆನಪಿರಲಿ ಎಂದ.

"ನೆನಪಿದೆ. ಮಚ್ಚು ಇರಲಿಲ್ಲ. ಕೈಯಲ್ಲಿ ಕೂಸಿತ್ತು. ಅಳ್ತಾ ಇತ್ತು. ಇವನು ಅದನ್ನ ಸಮಾಧಾನ ಮಾಡ್ತಾ ಇದ್ದ."

ಮಕಾರಿಯೊ ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ದುಭಾಷಿಯ ಮುಖ ನೋಡಿದ. ಪಾಸ್ಟರ್ ನೆಲ ನೋಡಿದರು. ತಾನು ಹೊಳೆಯಲ್ಲಿ ಕೊಟ್ಟ ಮಾತು ಮುರಿಯಿತು ಎಂಬುದು ಕ್ರಿಸಾಂತಳಿಗೆ ತಿಳಿದಿತ್ತು. ಅದು ಅವಳಿಗೆ ಹಗುರವೆನಿಸಲಿಲ್ಲ. ಒಂದು ಪಾಪದ ಮೇಲೆ ಇನ್ನೊಂದು ಹೊತ್ತಂತಾಯಿತು. ಆದರೂ ಹೊತ್ತಳು.

ತೋಟದವರು ತಾವೇ ಮೆರೆಸಿದ ಸಾಕ್ಷಿಯನ್ನು ತಾವೇ ಸುಳ್ಳುಗಾತಿ ಅನ್ನುವಂತಿರಲಿಲ್ಲ. ಜೀವಬೆದರಿಕೆಯ ಕೇಸು ಅಲ್ಲಿಗೆ ನಿಂತಿತು. ನೆಲದ ಕೇಸು ಉಳಿಯಿತು. ಮಕಾರಿಯೊನನ್ನು ಮನೆಗೆ ಬಿಟ್ಟರು, ಆಗಾಗ ಪಟ್ಟಣಕ್ಕೆ ಬಂದು ಸಹಿ ಹಾಕು ಎಂದರು. ಊರಿಗೆ ಬಂದವನು ಕ್ರಿಸಾಂತಳ ಮನೆಯ ಕಡೆ ಬರಲಿಲ್ಲ. ಅವಳೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಲಿಯೊನೆಲ್ ಸುಮ್ಮನೆ ಕೂರುವ ಪೈಕಿಯಲ್ಲ. ಪಾಸ್ಟರಿಗೆ ಹೇಳಿದ್ದು ಇಷ್ಟು: ಆ ಹೆಂಗಸು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಆಮೇಲೆ ನ್ಯಾಯಾಲಯಕ್ಕೆ ಹೋಗಿ ಹೇಳಿಕೆ ತಿದ್ದಬೇಕು. ಇಲ್ಲವಾದರೆ ತಗಡು ಕೊಟ್ಟವರಿಗೆ ತಗಡು ಕೀಳುವುದೂ ಗೊತ್ತು.

ಪ್ರಭುಭೋಜನದ ಭಾನುವಾರ ಬಂತು. ಆ ಸಭೆಯಲ್ಲಿ ದ್ರಾಕ್ಷಾರಸವಿಲ್ಲ, ಕೆಂಪು ಪುಂಡಿಹೂವು ಕುದಿಸಿದ ನೀರು. ವರ್ಷಗಟ್ಟಲೆ ಅದನ್ನು ಕುದಿಸಿ ಸೋಸಿ ತರುತ್ತಿದ್ದವಳು ಕ್ರಿಸಾಂತಳೇ. ಆ ದಿನ ಬೇರೆ ಯಾರೋ ಕುದಿಸಿದ್ದರು. ಅವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಹಾಡು ಮುಗಿದ ಮೇಲೆ ಪಾಸ್ಟರ್ ಅವಳನ್ನು ಎದ್ದು ನಿಲ್ಲಲು ಹೇಳಿ, ಸಹೋದರಿಗೆ ಪಶ್ಚಾತ್ತಾಪ ಇದೆಯೇ ಎಂದು ಕೇಳಿದರು. ಇದೆ ಎಂದಳು. ಪಾಸ್ಟರಿಗೆ ಉಸಿರು ಬಂತು. ಹಾಗಾದರೆ ಯಾವ ಪಾಪಕ್ಕೆ ಎಂದು ಸಭೆಯ ಮುಂದೆ ಹೇಳು ಎಂದರು.

"ದೊಮಿತಿಲಜ್ಜಿ ಕಣಜದಲ್ಲಿದ್ದಾನೆ ಅಂದ್ನಲ್ಲ, ಅದಕ್ಕೆ."

"ಅದು ನಿಜವಲ್ಲವೇನಮ್ಮ? ಅದು ಪಾಪ ಅಲ್ಲ. ಸುಳ್ಳು ಸಾಕ್ಷಿ ಹೇಳಿದ್ದು ಪಾಪ. ಅದಕ್ಕೆ ಕೇಳ್ತಾ ಇದ್ದೀನಿ."

ಅವಳು ಬೆಂಚಿನ ಬೆನ್ನು ಹಿಡಿದುಕೊಂಡಳು.

"ಯೇಸು ಸ್ವಾಮಿನ ತೋರಿಸಿಕೊಟ್ಟನಲ್ಲ ಯೂದ, ಅವನು ಯಾವ ಸುಳ್ಳು ಹೇಳಿದ ಪಾಸ್ಟರ್? ಒಂದೂ ಹೇಳಲಿಲ್ಲ. ಕತ್ತಿ ಹಿಡಿದವರು ಕೇಳಿದ್ರು, ಸರಿಯಾದ ಮನುಷ್ಯನ್ನೇ ತೋರಿಸ್ದ. ಸ್ವಾಮಿ ಶಿಷ್ಯ ಪೇತ್ರ ಮೂರು ಸಲ ಸುಳ್ಳು ಹೇಳ್ದ. ಇವನ್ಯಾರೋ ನಂಗೆ ಗೊತ್ತೇ ಇಲ್ಲ ಅಂದ. ಸ್ವಾಮಿ ಪೇತ್ರನ್ನ ಉಳಿಸಿಕೊಂಡ್ರು. ನಾನು ಪೇತ್ರನ ಹಾಗಾದ್ರೂ ಆಗ್ಬೋದಿತ್ತು. ನನ್ನ ಹೆಸರು ಕೆಡುತ್ತೆ ಅಂತ ಯೂದನ ಹಾಗೆ ನಿಜ ಹೇಳ್ದೆ."

ಪೇತ್ರನೂ ಅತ್ತನಲ್ಲ, ತನ್ನ ಸುಳ್ಳಿಗೆ ಅತ್ತನಲ್ಲ ಎಂದು ಪಾಸ್ಟರ್ ಮೆಲ್ಲಗೆ ಹೇಳಿದರು. ಅದು ಸರಿಯಾದ ಮಾತೇ. ಪಾಸ್ಟರ್ ಅಡ್ಡಕಸಬಿಯಲ್ಲ, ವಾಕ್ಯ ಬಲ್ಲವರು.

"ಅತ್ತ," ಎಂದಳು ಅವಳು. "ತನ್ನ ಜೀವ ಉಳಿಸ್ಕೊಳ್ಳೋಕೆ ಹೇಳಿದ ಸುಳ್ಳು ಅದು, ಅದಕ್ಕೆ ಅತ್ತ. ನಾನೂ ಅಳ್ತೀನಿ. ಆದ್ರೆ ಹೇಳಿಕೆ ತಿದ್ದೋಕೆ ಹೋಗಲ್ಲ. ಹೋದ್ರೆ ಅವನನ್ನ ಮತ್ತೆ ಕಟ್ತಾರೆ."

ಲಿಯೊನೆಲ್ ಎದ್ದು, ಇವಳಿಗೆ ದೆವ್ವ ಹಿಡಿದಿದೆ ಎಂದ. ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಹಾಗೇ ನಿಂತಿದ್ದರು. ಒಂದೇ ಒಂದು ಮಾತು ಹೇಳಿಬಿಡು ತಾಯಿ, ದೇವರು ಕ್ಷಮಿಸುತ್ತಾನೆ, ನಾನೇ ಈ ತಟ್ಟೆಯನ್ನು ನಿನ್ನ ಹತ್ತಿರ ತರುತ್ತೇನೆ ಎಂದು ಬೇಡಿಕೊಂಡರು.

"ದೇವರು ಕ್ಷಮಿಸ್ತಾನೆ, ಗೊತ್ತು. ನಾನು ಅನ್ಯಾಯ ಮಾಡಿದ್ದು ದೇವರಿಗಲ್ವಲ್ಲ. ಆ ಮನೆಗೆ ಹೋಗದೆ ನಿಮ್ಮ ತಟ್ಟೆ ನಾನು ಮುಟ್ಟಲ್ಲ."

ಅವಳು ಬಾಗಿಲ ಕಡೆ ನಡೆದಳು. ಬೆನ್ನ ಹಿಂದೆ ಯಾರೋ ಬೆಂಚು ಸರಿಸಿದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ನೋಡಿದರೆ, ತನ್ನನ್ನು ಮೆಚ್ಚಿ ಯಾರೋ ಎದ್ದರೆಂದು ಮತ್ತೆ ಅದೇ ಹಿಗ್ಗು ಬಂದೀತೆಂದು ಹೆದರಿದಳು.

ಹೆರ್ಮೆಲಿಂದಾ ಮನೆಯಂಗಳದಲ್ಲಿ ಕಾಳು ಆರಿಸುತ್ತಿದ್ದಳು. ಕೆಸರಿಗೆ ಬಿದ್ದ ಜೋಳಕ್ಕೆ ಬೂಷ್ಟು ಹಿಡಿದಿತ್ತು. ಒಳ್ಳೆಯದು ಒಂದು ಕಡೆ, ಕೋಳಿಗೆ ಹಾಕುವುದು ಇನ್ನೊಂದು ಕಡೆ. ಕ್ರಿಸಾಂತ ಬಂದದ್ದು ಕಂಡರೂ ಕೈ ನಿಲ್ಲಿಸಲಿಲ್ಲ. ಮಕಾರಿಯೊ ಮನೆಯಲ್ಲಿರಲಿಲ್ಲ, ಅಥವಾ ಇದ್ದೂ ಹೊರಗೆ ಬರಲಿಲ್ಲ. ಕ್ರಿಸಾಂತ ಅದನ್ನು ಕೇಳಲಿಲ್ಲ.

"ಕ್ಷಮೆ ಕೇಳೋಕೆ ಬಂದೆ," ಎಂದಳು.

"ಸಭೆಯಲ್ಲಿ ಕೊಡ್ಲಿಲ್ವಾ?"

"ಅಲ್ಲಿ ಸಲೀಸಾಗಿ ಕೊಡ್ತಾರೆ. ಅದಕ್ಕೆ ಇಲ್ಲಿಗೆ ಬಂದೆ."

ಹೆರ್ಮೆಲಿಂದಾ ಒಂದು ಹಿಡಿ ಕಾಳನ್ನು ಊದಿ ನೋಡಿ ಕೋಳಿಯ ಗುಡ್ಡೆಗೆ ಎಸೆದಳು. "ಸುಳ್ಳು ಹೇಳಿದ್ಯಂತೆ. ನನ್ನ ಕೂಸು ಅವನ ಕೈಲಿತ್ತು ಅಂದ್ಯಂತೆ. ಆ ಬುದ್ಧಿ ಮೊದ್ಲೇ ಬಂದಿದ್ರೆ ಏನಾಗ್ತಿತ್ತು? ಈಗ ನಾನು ಎಡಗಡೆಯಿಂದ ಕೂಗಿದ್ರೆ ಅವನಿಗೆ ಕೇಳಲ್ಲ. ಕೂಸು ಅತ್ರೂ ಕೇಳಲ್ಲ. ಕ್ಷಮೆಗಿಮೆ ನನ್ನ ಹತ್ರ ಇಲ್ಲಕ್ಕ. ಇಟ್ಕೊಂಡು ಇಲ್ಲ ಅಂತಿಲ್ಲ. ನಿಜವಾಗ್ಲೂ ಇಲ್ಲ."

"ಸರಿ," ಎಂದಳು ಕ್ರಿಸಾಂತ. ಹೋಗಲಿಲ್ಲ. ನಿಂತೇ ಇದ್ದಳು. ಹೋಗುವುದಕ್ಕೆ ಮನೆ ಇದ್ದಂತೆ ಅನಿಸಲಿಲ್ಲ.

ಹೆರ್ಮೆಲಿಂದಾ ಇನ್ನೊಂದು ಹಿಡಿ ಕಾಳು ಆರಿಸಿದಳು. ಆಮೇಲೆ ಮುಖವೆತ್ತದೆ ಹೇಳಿದಳು. ನಾಳೆ ಬೆಳಿಗ್ಗೆ ತೋಟದವರು ಗುಡ್ಡದ ಜೋಳ ಕಡಿಸಲು ಆಳು ತರುತ್ತಾರಂತೆ. ಊರವರು ಅಡ್ಡ ನಿಲ್ಲುವುದಂತೆ. "ಯಾರ್ಯಾರು ಅಂತ ನಿಂಗೆ ಹೇಳ್ಬೋದಾ?" ಎಂದು ಕೇಳಿದಳು. ಅದು ಚುಚ್ಚುಮಾತೋ ಕರೆಯೋ ಕ್ರಿಸಾಂತಳಿಗೆ ತಿಳಿಯಲಿಲ್ಲ. ಎರಡೂ ಇದ್ದೀತು.

"ಹೇಳ್ಬೇಡ. ನನ್ನ ಬಾಯಿ ಮೇಲೆ ನಂಗೇ ಇನ್ನೂ ನಂಬಿಕೆ ಇಲ್ಲ. ಎಲ್ಲಿ ನಿಲ್ಬೇಕು, ಅಷ್ಟು ಹೇಳು."

ಹೆರ್ಮೆಲಿಂದಾ ಈಗ ಅವಳ ಮುಖವನ್ನು ನೋಡಿದಳು.

"ಮುಂದೆ ನಿಲ್ಲು. ಮೊದಲ ಏಟು ಬೀಳೋ ಕಡೆ."

"ಆಗ್ಲಿ."

ಮರುದಿನ ಎಲ್ಲರಿಗಿಂತ ಮುಂಚೆ ಅವಳು ಅಲ್ಲಿಗೆ ಹೋಗಿ ನಿಂತಳು.